ಅಂಕಿತದ ಮರ್ಯಾದೆ: ಕೈಬರಹದ ಪತ್ರಿಕೆ, ಅಭಿಮಾನಿ ಕಥೆ ಮತ್ತು ಕೃತಿಸ್ವಾಮ್ಯ

ಪೀಠಿಕೆ

ಶಾಲೆಯ ಕೈಬರಹದ ಪತ್ರಿಕೆಯು ಅಂಗಡಿಯಲ್ಲಿ ಮಾರುವ ವಸ್ತುವಲ್ಲ. ದಪ್ಪ ಹಾಳೆಗಳ ಮೇಲೆ ದುಂಡಗಿನ ಅಕ್ಷರಗಳಲ್ಲಿ ಬರೆದು, ಅಂಚಿಗೆ ಬಣ್ಣದ ಬಳ್ಳಿ ಎಳೆದು, ನಡುವೆ ದಾರ ಹೊಲಿದು, ಒಂದೇ ಪ್ರತಿಯಾಗಿ ವಾಚನಾಲಯದ ಮೇಜಿನ ಮೇಲೆ ಇರಿಸುವ ಈ ಪತ್ರಿಕೆಗೆ ಚಂದಾದಾರರಿಲ್ಲ, ಜಾಹೀರಾತಿಲ್ಲ, ಬೆಲೆಯೂ ಇಲ್ಲ. ಆದರೂ ಮಗುವೊಂದು ತನ್ನ ಹೆಸರನ್ನು ತಾನು ಬರೆದ ಕಥೆಯ ಕೆಳಗೆ ಮೊದಲ ಬಾರಿಗೆ ಕಾಣುವುದು ಇಲ್ಲಿಯೇ. ಆ ಸಂತೋಷದ ಬೆಲೆಯನ್ನು ಅಧ್ಯಾಪಕರಾದವರೆಲ್ಲರೂ ಬಲ್ಲರು.

ಈ ಪತ್ರಿಕೆಗಳಲ್ಲಿ ಬರುವ ಕಥೆಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಮಕ್ಕಳು ತಾವಾಗಿ ಕಲ್ಪಿಸಿ ಬರೆದವು ಮೊದಲನೆಯ ಬಗೆ. ತಾವು ಓದಿ ಮೆಚ್ಚಿದ ಕಥೆಯನ್ನು ಬಿಡಲಾರದೆ ಮುಂದುವರಿಸಿದವು ಎರಡನೆಯ ಬಗೆ. ‘ಕರ್ವಾಲೊ’ ಕಾದಂಬರಿಯ ಹಾರುವ ಓತಿಯು ಕಣಿವೆಯೊಳಗೆ ಮರೆಯಾದ ಮೇಲೆ ಏನಾಯಿತು, ಸತ್ಯಜಿತ್ ರಾಯರ ಫೆಲುದಾ ಜಯನಗರದ ನಾಲ್ಕನೆಯ ಬಡಾವಣೆಗೆ ಬಂದರೆ ಯಾವ ಕಳವನ್ನು ಪತ್ತೆ ಮಾಡುವನು, ಷರ್ಲಾಕ್ ಹೋಮ್ಸನು ಬನಶಂಕರಿಯ ಬಸ್ ನಿಲ್ದಾಣದಲ್ಲಿ ಇಳಿದರೆ ಏನನ್ನು ಗಮನಿಸುವನು ಎಂಬಂಥ ಪ್ರಶ್ನೆಗಳಿಂದ ಹುಟ್ಟುವ ಬರಹಗಳು ಇವು. ಇಂಗ್ಲಿಷ್ ನಾಡುಗಳಲ್ಲಿ ಇದಕ್ಕೆ ‘ಫ್ಯಾನ್ ಫಿಕ್ಷನ್’ ಎಂಬ ಹೆಸರಿದೆ. ನಾವು ಇದನ್ನು ‘ಅಭಿಮಾನಿ ಕಥೆ’ ಎಂದು ಕರೆಯೋಣ.

ಹಳೆಯ ಕೈಬರಹದ ಸಂಚಿಕೆಗಳಿಂದ ಆಯ್ದ ಕಥೆಗಳನ್ನು ಅಚ್ಚು ಮಾಡಿಸಿ, ಮಾರಾಟದಿಂದ ಬಂದ ಹಣವನ್ನು ಬಡ ವಿದ್ಯಾರ್ಥಿಗಳ ನೆರವಿಗೆ ಬಳಸಬೇಕೆಂಬ ಸಲಹೆ ಹಳೆಯ ವಿದ್ಯಾರ್ಥಿಗಳಿಂದಲೂ ದಾನಿಗಳಿಂದಲೂ ಆಗಾಗ ಬರುತ್ತದೆ. ಉದ್ದೇಶವು ಶ್ಲಾಘನೀಯ. ಆದರೆ ವಾಚನಾಲಯದ ಮೇಜಿನ ಮೇಲಿದ್ದ ಕಥೆಯು ಅಂಗಡಿಯ ಕಪಾಟಿಗೆ ಹೋಗುವಾಗ ಒಂದು ಗಡಿಯನ್ನು ದಾಟುತ್ತದೆ. ಆ ಗಡಿ ಎಲ್ಲಿದೆ, ಅದನ್ನು ದಾಟುವ ಮೊದಲು ಯಾರನ್ನು ಕೇಳಬೇಕು, ನಮ್ಮ ಪರಂಪರೆ ಈ ವಿಷಯದಲ್ಲಿ ಏನನ್ನು ಕಲಿಸುತ್ತದೆ ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧. ಅಭಿಮಾನಿ ಪತ್ರಿಕೆಗಳ ಹಿನ್ನೆಲೆ

ಅಭಿಮಾನಿಗಳು ತಮ್ಮ ತಮ್ಮೊಳಗೆ ಪತ್ರಿಕೆ ಹೊರಡಿಸಿಕೊಳ್ಳುವ ಪದ್ಧತಿಗೆ ಸುಮಾರು ಒಂದು ಶತಮಾನದ ಇತಿಹಾಸವಿದೆ. ಅಮೆರಿಕೆಯ ಷಿಕಾಗೋ ನಗರದಲ್ಲಿ 1930ರಲ್ಲಿ ಹೊರಬಂದ ‘ದಿ ಕಾಮೆಟ್’ ಎಂಬುದನ್ನು ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಮೊದಲ ಪತ್ರಿಕೆಯೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಇಂಥ ಪತ್ರಿಕೆಗಳಿಗೆ ‘ಫ್ಯಾನ್‌ಜೀನ್’ ಎಂಬ ಹೆಸರು 1940ರಲ್ಲಿ ಹುಟ್ಟಿತು. ದೂರದರ್ಶನದ ‘ಸ್ಟಾರ್ ಟ್ರೆಕ್’ ಧಾರಾವಾಹಿಯನ್ನು ಮೆಚ್ಚಿದವರು 1967ರಲ್ಲಿ ‘ಸ್ಪಾಕನೇಲಿಯ’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಅದರ ಪಾತ್ರಗಳನ್ನಿಟ್ಟುಕೊಂಡು ಹೊಸ ಕಥೆಗಳನ್ನು ಬರೆಯುವುದು ಅಲ್ಲಿಂದ ಮುಂದೆ ಒಂದು ದೊಡ್ಡ ಹವ್ಯಾಸವಾಯಿತು. ಇವು ಅಂಚೆಯಲ್ಲಿ, ಕೈಯಿಂದ ಕೈಗೆ, ಅರ್ಧ ಗುಟ್ಟಾಗಿ ಹರಿದಾಡಿದುವು. ಪಾತ್ರಗಳ ಒಡೆಯರು ನ್ಯಾಯಾಲಯಕ್ಕೆ ಎಳೆದಾರೆಂಬ ಅಳುಕು ಅಭಿಮಾನಿಗಳಿಗೆ ಯಾವಾಗಲೂ ಇತ್ತು. ಆ ಅಳುಕು ನಿರಾಧಾರವೂ ಅಲ್ಲ. ‘ಸ್ಟಾರ್ ವಾರ್ಸ್’ ಚಿತ್ರಗಳ ಒಡೆತನದ ಸಂಸ್ಥೆಯ ಕಡೆಯಿಂದ, ತಮ್ಮ ಪಾತ್ರಗಳನ್ನು ಅಶ್ಲೀಲವಾಗಿ ಚಿತ್ರಿಸಬಾರದೆಂಬ ಎಚ್ಚರಿಕೆಯ ಪತ್ರಗಳು 1981ರಲ್ಲಿ ಇಂಥ ಪತ್ರಿಕೆಗಳಿಗೆ ಹೋದುವು.

ನಮ್ಮಲ್ಲಿ ಇದರ ಸಮೀಪದ ಬಂಧುಗಳೆಂದರೆ ಕೈಬರಹದ ಪತ್ರಿಕೆ, ಗೋಡೆಗೆ ಅಂಟಿಸುವ ಭಿತ್ತಿಪತ್ರಿಕೆ ಮತ್ತು ಸೈಕ್ಲೋಸ್ಟೈಲ್ ಹಾಳೆ. ಮೇಣದ ಕಾಗದವನ್ನು ಕೊರೆದು, ಮಸಿಯ ಉರುಳೆ ತಿರುಗಿಸಿ ನೂರಿನ್ನೂರು ಪ್ರತಿ ತೆಗೆಯುವ ಆ ಯಂತ್ರವು ಅಗ್ಗದ್ದೂ ಸದ್ದಿಲ್ಲದ್ದೂ ಆಗಿತ್ತು. ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿಯೂ 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯಲ್ಲಿಯೂ ಗುಪ್ತ ಪತ್ರಿಕೆಗಳು ಹೊರಬಂದುದು ಇಂಥ ಸಾಧನಗಳಿಂದಲೇ. ಅವುಗಳಿಗಿಂತ ನಿರಪಾಯಕರವಾದ ಕೆಲಸಗಳಿಗೂ ಅದು ಒದಗಿತು. ಬನಶಂಕರಿ ಎರಡನೆಯ ಹಂತದಲ್ಲಿ ನೆಲೆಯಿರುವ, 1971ರಲ್ಲಿ ಸ್ಥಾಪಿತವಾದ ಸುಚಿತ್ರದಂಥ ಫಿಲ್ಮ್ ಸೊಸೈಟಿಗಳು ನಾಡಿನಲ್ಲೆಲ್ಲ ಬೆಳೆದ ಕಾಲದಲ್ಲಿ, ಪ್ರದರ್ಶನದ ದಿನ ಸದಸ್ಯರ ಕೈಗೆ ಟಿಪ್ಪಣಿಯ ಹಾಳೆ ಕೊಡುವುದು ಆ ಚಳವಳಿಯ ರೂಢಿಯಾಗಿತ್ತು. ನಮ್ಮ ನಗರದ ಈ ದಕ್ಷಿಣ ಭಾಗಕ್ಕೆ ಹತ್ತಿರದ ಕ್ರೈಸ್ಟ್ ಕಾಲೇಜಿನಲ್ಲಿ ಪ್ರೊ. ಚಿ. ಶ್ರೀನಿವಾಸರಾಜು ಅವರು ಕನ್ನಡ ಸಂಘದ ಮೂಲಕ ವಿದ್ಯಾರ್ಥಿಗಳ ಬರವಣಿಗೆಯನ್ನು ಕಡಿಮೆ ಬೆಲೆಯ ಪುಸ್ತಕಗಳಾಗಿ ತಂದುದು, ಹಸ್ತಪ್ರತಿಯಿಂದ ಅಚ್ಚಿಗೆ ಹೋಗುವ ದಾರಿಯನ್ನು ಶಿಸ್ತಿನಿಂದ ಕ್ರಮಿಸಿದ ಉದಾಹರಣೆ.

ಇಲ್ಲಿ ಒಂದು ಸಣ್ಣ ಕಾನೂನಿನ ಅಂಶವಿದೆ. 1867ರ ಮುದ್ರಣಾಲಯ ಮತ್ತು ಪುಸ್ತಕಗಳ ನೋಂದಣಿ ಅಧಿನಿಯಮವು ‘ಮುದ್ರಣ’ ಎಂಬ ಮಾತಿನೊಳಗೆ ಸೈಕ್ಲೋಸ್ಟೈಲನ್ನೂ ಕಲ್ಲಚ್ಚನ್ನೂ ಸೇರಿಸಿತ್ತು. ಮುದ್ರಿತವಾದ ಪುಸ್ತಕ ಪತ್ರಿಕೆಗಳ ಮೇಲೆ ಮುದ್ರಕನ ಹೆಸರು, ಮುದ್ರಣದ ಸ್ಥಳ ಇರಬೇಕೆಂದು ಅದು ವಿಧಿಸಿತ್ತು. ‘ಖಾಸಗಿ ಪ್ರಸಾರಕ್ಕೆ ಮಾತ್ರ’ ಎಂಬ ಸಾಲನ್ನು ಹಾಳೆಯ ಅಡಿಯಲ್ಲಿ ಅಚ್ಚು ಮಾಡಿಬಿಟ್ಟರೆ ಎಲ್ಲ ಹೊಣೆಯೂ ತೀರಿತೆಂಬ ನಂಬಿಕೆ ಬಹಳ ಜನರಲ್ಲಿತ್ತು. ಆ ಸಾಲು ಯಾವ ಮಂತ್ರವೂ ಅಲ್ಲ. ಆ ಹಳೆಯ ಅಧಿನಿಯಮದ ಸ್ಥಾನಕ್ಕೆ 2023ರ ಪತ್ರಿಕಾ ಮತ್ತು ನಿಯತಕಾಲಿಕೆಗಳ ನೋಂದಣಿ ಅಧಿನಿಯಮವು ಬಂದು, 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಸಾರ್ವಜನಿಕ ಸುದ್ದಿಯನ್ನೋ ಅದರ ಮೇಲಣ ಟೀಕೆಯನ್ನೋ ಒಳಗೊಂಡು ನಿಯತವಾಗಿ ಪ್ರಕಟವಾಗುವ ಪತ್ರಿಕೆಗೆ ಅದು ಅನ್ವಯಿಸುತ್ತದೆ, ಪುಸ್ತಕಗಳನ್ನು ಹೊರಗಿಟ್ಟಿದೆ. ಮಕ್ಕಳ ಕಥೆಗಳಿರುವ ಒಂದೇ ಪ್ರತಿಯ ಕೈಬರಹದ ಪತ್ರಿಕೆಗೆ ಇದರ ಭಯವಿಲ್ಲ. ನಮ್ಮ ನಿಜವಾದ ಪ್ರಶ್ನೆಯಿರುವುದು ಕೃತಿಸ್ವಾಮ್ಯದಲ್ಲಿ.

೨. ಮರುಕಥನದ ಪರಂಪರೆ

ಕಾನೂನಿಗೆ ಹೋಗುವ ಮೊದಲು ನಮ್ಮ ಸಾಹಿತ್ಯದ ನಡೆಯನ್ನು ನೆನೆಯುವುದು ಉಚಿತ. ಇನ್ನೊಬ್ಬರ ಕಥೆಯನ್ನು ಎತ್ತಿಕೊಂಡು ಬೆಳೆಸುವುದು ಕನ್ನಡಕ್ಕೆ ಹೊಸತಲ್ಲ. ನಮ್ಮ ಕಾವ್ಯದ ಹೆದ್ದಾರಿಯೇ ಅದು. ಹತ್ತನೆಯ ಶತಮಾನದಲ್ಲಿ ಪಂಪನು ವ್ಯಾಸಭಾರತವನ್ನು ಕೈಗೆತ್ತಿಕೊಂಡು ಅರ್ಜುನನನ್ನು ನಾಯಕನನ್ನಾಗಿ ಮಾಡಿ, ಅವನಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ಕಂಡನು. ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯನ್ನಾಗಿಸಿದನು. ರನ್ನನು ಪಂಪನ ಕಾವ್ಯದ ಒಂದು ಆಶ್ವಾಸದಿಂದ ಸ್ಫೂರ್ತಿ ಪಡೆದು ‘ಗದಾಯುದ್ಧ’ವನ್ನು ಬರೆದನು. ಆ ರನ್ನನ ಕಾವ್ಯವನ್ನು ಇಪ್ಪತ್ತನೆಯ ಶತಮಾನದಲ್ಲಿ ಬಿ.ಎಂ. ಶ್ರೀಕಂಠಯ್ಯನವರು ನಾಟಕವಾಗಿ ಅಳವಡಿಸಿದರು. ಹೀಗೆ ಒಂದು ಕಥೆಯು ವ್ಯಾಸನಿಂದ ಶ್ರೀಯವರವರೆಗೆ ನಾಲ್ಕು ಕೈಗಳನ್ನು ದಾಟಿ ಬಂದಿತು. ನಡುವಿನವರು ಯಾರೂ ಹಿಂದಿನವರನ್ನು ಮರೆಮಾಚಲಿಲ್ಲ.

ಶರಣ ಸಾಹಿತ್ಯದಲ್ಲಿ ಇದಕ್ಕಿಂತಲೂ ಸ್ಪಷ್ಟವಾದ ನಿದರ್ಶನಗಳಿವೆ. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಬರೆದ ಬಸವಪುರಾಣವನ್ನು ಭೀಮಕವಿಯು 1369ರಲ್ಲಿ ಕನ್ನಡಕ್ಕೆ ತಂದನು. ಹದಿನೈದನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನವರು ‘ಶೂನ್ಯಸಂಪಾದನೆ’ಯನ್ನು ರಚಿಸಿದಾಗ ಮಾಡಿದ ಕಾರ್ಯವು ವಿಶಿಷ್ಟವಾದುದು. ಹನ್ನೆರಡನೆಯ ಶತಮಾನದ ಶರಣರು ಬೇರೆ ಬೇರೆ ಸಂದರ್ಭಗಳಲ್ಲಿ ನುಡಿದ ವಚನಗಳನ್ನು ಒಟ್ಟುಗೂಡಿಸಿ, ಅಲ್ಲಮಪ್ರಭುಗಳನ್ನು ಕೇಂದ್ರದಲ್ಲಿರಿಸಿ, ಬಸವಣ್ಣನವರು, ಚೆನ್ನಬಸವಣ್ಣನವರು, ಅಕ್ಕಮಹಾದೇವಿ, ಸಿದ್ಧರಾಮಯ್ಯನವರು ಅವರೊಡನೆ ಎದುರೆದುರು ಕುಳಿತು ಸಂವಾದಿಸುವಂತೆ ಜೋಡಿಸಿದರು. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ ಮತ್ತು ಗೂಳೂರು ಸಿದ್ಧವೀರಣ್ಣೊಡೆಯ ಇವರು ಅದನ್ನೇ ಮತ್ತೆ ಪರಿಷ್ಕರಿಸಿ, ಪ್ರಸಂಗಗಳನ್ನು ಕೂಡಿಸಿ, ಬೆಳೆಸಿದರು. ಸಿದ್ಧರಾಮಯ್ಯನವರ ದೀಕ್ಷೆಯ ವಿಷಯವು ನಾಲ್ಕು ಸಂಪಾದನೆಗಳಲ್ಲಿಯೂ ಒಂದೇ ಬಗೆಯಾಗಿಲ್ಲವೆಂಬುದು ವಿದ್ವಾಂಸರಿಗೆ ತಿಳಿದ ಸಂಗತಿ. ಪ್ರೀತಿಯಿಂದ ಓದಿದವನು ಸುಮ್ಮನಿರಲಾರ, ತಾನೂ ಒಂದು ಮಾತನ್ನು ಸೇರಿಸುತ್ತಾನೆ ಎಂಬುದಕ್ಕೆ ಇದಕ್ಕಿಂತ ಹಿರಿದಾದ ಸಾಕ್ಷಿ ಬೇಕಿಲ್ಲ.

ಆದರೆ ಇಲ್ಲಿ ಗಮನಿಸಬೇಕಾದುದೊಂದು ಶಿಸ್ತು. ಸಂಪಾದಕರು ಹೆಣೆದ ಗದ್ಯವು ಬೇರೆ, ಶರಣರ ವಚನವು ಬೇರೆ. ಕೂಡಲಸಂಗಮದೇವ ಎಂಬ ಅಂಕಿತವಿದ್ದರೆ ಅದು ಬಸವಣ್ಣನವರ ನುಡಿ. ಗುಹೇಶ್ವರ ಎಂದಿದ್ದರೆ ಅಲ್ಲಮರದು. ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕನದು. ಮಾತನ್ನು ನುಡಿದವರು ಯಾರೆಂಬುದು ಮಾತಿನೊಳಗೇ ಕೆತ್ತಿದೆ. ಮುದ್ರಣಾಲಯವಾಗಲಿ ನೋಂದಣಿ ಕಚೇರಿಯಾಗಲಿ ಇಲ್ಲದ ಕಾಲದಲ್ಲಿ ಕರ್ತೃತ್ವವನ್ನು ಕಾಯ್ದ ಕಾವಲುಗಾರ ಈ ಅಂಕಿತ.

ಈ ಕಾವಲು ಸಡಿಲವಾದಲ್ಲಿ ಏನಾಗುತ್ತದೆಂಬುದನ್ನೂ ನಮ್ಮ ಪರಂಪರೆಯೇ ತೋರಿಸಿದೆ. ಶರಣರ ಮೇಲಣ ಭಕ್ತಿಯಿಂದ ಮುಂದಿನ ಶತಮಾನಗಳಲ್ಲಿ ಯಾರು ಯಾರೋ ವಚನಗಳನ್ನು ರಚಿಸಿ, ಅವಕ್ಕೆ ಶರಣರ ಅಂಕಿತವನ್ನೇ ಇಟ್ಟರು. ಬರೆದವರ ಮನಸ್ಸಿನಲ್ಲಿ ಮೋಸವಿರಲಿಲ್ಲ, ಅಭಿಮಾನವಿತ್ತು. ಆದರೆ ಆ ಅಭಿಮಾನದ ಫಲವಾಗಿ ಮೂಲ ಯಾವುದು, ಪ್ರಕ್ಷಿಪ್ತ ಯಾವುದು ಎಂದು ಬೇರ್ಪಡಿಸುವ ಹೊರೆಯು ವಿದ್ವಾಂಸರ ಹೆಗಲಿಗೆ ಬಿದ್ದಿತು. ವಚನ ಪಿತಾಮಹ ಡಾ. ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಊರೂರು ಅಲೆದು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದಂದಿನಿಂದ, 1993ರಲ್ಲಿ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ‘ಸಮಗ್ರ ವಚನ ಸಂಪುಟ’ದ 15 ಸಂಪುಟಗಳು ಹೊರಬರುವವರೆಗೆ, ಎಪ್ಪತ್ತು ವರ್ಷಗಳ ಪಾಠ ಪರಿಷ್ಕರಣದ ಒಂದು ದೊಡ್ಡ ಪಾಲು ಈ ಜರಡಿ ಹಿಡಿಯುವ ಕೆಲಸಕ್ಕೇ ಸಂದಿತು. ಗುರುತು ಹಾಕದ ಅಭಿಮಾನವು ಮುಂದಿನವರಿಗೆ ಒಗಟಾಗುತ್ತದೆ. ಮಕ್ಕಳ ಅಭಿಮಾನಿ ಕಥೆಗೂ ಈ ಪಾಠವೇ ಅನ್ವಯಿಸುತ್ತದೆ.

೩. ಕಾನೂನು ಹೇಳುವುದೇನು?

ಭಾರತದ ಕೃತಿಸ್ವಾಮ್ಯ ಅಧಿನಿಯಮವು 1957ರದು. 1958ರ ಜನವರಿ 21ರಂದು ಜಾರಿಗೆ ಬಂದಿತು. ಹಳೆಯ ಪುಸ್ತಕಗಳ ಮೇಲೆ ‘ಗ್ರಂಥಸ್ವಾಮ್ಯವನ್ನು ಕಾದಿರಿಸಿದೆ’ ಎಂದು ಕಾಣುವ ಸಾಲು ಸೂಚಿಸುವುದು ಈ ಹಕ್ಕನ್ನೇ. ಆ ಸಾಲು ಇಲ್ಲದಿದ್ದರೂ ಹಕ್ಕು ಇದ್ದೇ ಇರುತ್ತದೆ, ನೋಂದಣಿಯೂ ಕಡ್ಡಾಯವಲ್ಲ. ಬರೆದ ಕ್ಷಣದಲ್ಲಿಯೇ ಹಕ್ಕು ಹುಟ್ಟುತ್ತದೆ.

ಲೇಖಕನ ಜೀವಿತಕಾಲವೂ, ಅವನು ಕಾಲವಾದ ಮರುವರ್ಷದ ಆರಂಭದಿಂದ 60 ವರ್ಷಗಳೂ ಈ ಹಕ್ಕಿನ ಅವಧಿ. ಮೊದಲು ಇದು 50 ವರ್ಷವಿತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಅವಧಿಯು 1991ರಲ್ಲಿ ಮುಗಿಯುವ ಸಂದರ್ಭ ಬಂದಾಗ ಅದನ್ನು 60ಕ್ಕೆ ಏರಿಸಲಾಯಿತು. ಈ ಲೆಕ್ಕವನ್ನು ಕನ್ನಡಕ್ಕೆ ಹಚ್ಚಿ ನೋಡಬಹುದು. ಬಿ.ಎಂ.ಶ್ರೀ. ಮತ್ತು ಟಿ.ಪಿ. ಕೈಲಾಸಂ ಇಬ್ಬರೂ 1946ರಲ್ಲಿ ಕಾಲವಾದರು. ಆದುದರಿಂದ 2007ರ ಆರಂಭದಿಂದ ಅವರ ಕೃತಿಗಳು ಸರ್ವರ ಸೊತ್ತು. ಹಳಕಟ್ಟಿಯವರು ಲಿಂಗೈಕ್ಯರಾದುದು 1964ರಲ್ಲಿ. ಅವರ ಬರಹಗಳು 2025ರ ಜನವರಿ 1ರಿಂದ ಮುಕ್ತವಾದುವು. ಬೇಂದ್ರೆಯವರ ಕೃತಿಗಳಿಗೆ 2041ರ ಕೊನೆಯವರೆಗೆ, ಕುವೆಂಪು ಅವರ ಕೃತಿಗಳಿಗೆ 2054ರ ಕೊನೆಯವರೆಗೆ, ಪೂರ್ಣಚಂದ್ರ ತೇಜಸ್ವಿಯವರ ಕೃತಿಗಳಿಗೆ 2067ರ ಕೊನೆಯವರೆಗೆ ರಕ್ಷಣೆಯಿದೆ. ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ 1930ರಲ್ಲಿ ತೀರಿಕೊಂಡುದರಿಂದ ಆ ಪತ್ತೇದಾರನು ಬನಶಂಕರಿಯಲ್ಲಿ ನಿಶ್ಚಿಂತೆಯಿಂದ ಇಳಿಯಬಹುದು. ಸತ್ಯಜಿತ್ ರಾಯರು ಕಾಲವಾದುದು 1992ರಲ್ಲಿ. ಆದುದರಿಂದ ಫೆಲುದಾ 2052ರ ಕೊನೆಯವರೆಗೆ ಅಪ್ಪಣೆ ಕೇಳಿಯೇ ಅಚ್ಚಿಗೆ ಬರಬೇಕು.

ರಕ್ಷಣೆಯಿರುವುದು ಯಾವುದಕ್ಕೆ? ಭಾವಕ್ಕಲ್ಲ, ಭಾವವನ್ನು ಮೂಡಿಸಿದ ರೂಪಕ್ಕೆ. ಈ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಆರ್.ಜಿ. ಆನಂದ್ ಮೊಕದ್ದಮೆಯಲ್ಲಿ ವಿವರಿಸಿತು. ‘ಹಮ್ ಹಿಂದುಸ್ತಾನಿ’ ಎಂಬ ನಾಟಕದ ಕರ್ತೃವು ‘ನ್ಯೂ ಡೆಲ್ಲಿ’ ಎಂಬ ಚಲನಚಿತ್ರವು ತನ್ನ ನಾಟಕದ ನಕಲೆಂದು ದೂರಿದ್ದನು. ಭಾವನೆ, ವಸ್ತು, ಕಥೆಯ ಎಳೆ ಇವುಗಳ ಮೇಲೆ ಯಾರಿಗೂ ಸ್ವಾಮ್ಯವಿಲ್ಲ. ಎರಡನ್ನೂ ಕಂಡವನ ಮನಸ್ಸಿನಲ್ಲಿ ಇದು ಅದರದೇ ನಕಲೆಂಬ ಭಾವನೆ ತಪ್ಪದೆ ಮೂಡಿದರೆ ಮಾತ್ರ ಉಲ್ಲಂಘನೆಯೆಂದು ನ್ಯಾಯಾಲಯವು ಹೇಳಿ, ಆ ದೂರನ್ನು ತಳ್ಳಿಹಾಕಿತು. ಮಲೆನಾಡಿನಲ್ಲಿ ಅಪರೂಪದ ಪ್ರಾಣಿಯೊಂದನ್ನು ಹುಡುಕಿ ಹೊರಡುವ ಕಥೆಯನ್ನು ಯಾವ ಮಗುವೂ ಬರೆಯಬಹುದು. ಆ ಹುಡುಕಾಟದಲ್ಲಿ ಕರ್ವಾಲೊ, ಮಂದಣ್ಣ ಇವರೇ ಬಂದು ಅವರ ಮಾತಿನಲ್ಲಿಯೇ ಮಾತಾಡಿದರೆ ವಿಷಯ ಬೇರೆಯಾಗುತ್ತದೆ. ಪಾತ್ರವೂ ರಕ್ಷಣೆಗೆ ಪಾತ್ರವಾಗಬಲ್ಲುದು. ಮಕ್ಕಳ ಚಿತ್ರಕಥೆಗಳ ‘ನಾಗರಾಜ’ನನ್ನು ಹೋಲುವ ‘ನಾಗೇಶ’ ಎಂಬ ಪಾತ್ರವನ್ನು ಇನ್ನೊಬ್ಬ ಪ್ರಕಾಶಕರು ಹೊರತಂದಾಗ, 1990ರ ದಶಕದಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ತಡೆಯಾಜ್ಞೆ ನೀಡಿತು.

ಅಧಿನಿಯಮದ ಕಲಂ 52 ಕೆಲವು ಬಳಕೆಗಳನ್ನು ಉಲ್ಲಂಘನೆಯಲ್ಲವೆಂದು ಸಾರುತ್ತದೆ. ಸ್ವಂತದ ಅಭ್ಯಾಸಕ್ಕೆ, ವಿಮರ್ಶೆಗೆ ಮಾಡುವ ನ್ಯಾಯೋಚಿತ ಬಳಕೆಯು ಅವುಗಳಲ್ಲೊಂದು. ಪಾಠ ಹೇಳುವ ಸಂದರ್ಭದಲ್ಲಿ ಗುರುವಾಗಲಿ ಶಿಷ್ಯನಾಗಲಿ ಮಾಡುವ ಪುನರುತ್ಪಾದನೆ ಇನ್ನೊಂದು. ವಿದ್ಯಾಸಂಸ್ಥೆಯ ಚಟುವಟಿಕೆಯಾಗಿ ಅಧ್ಯಾಪಕರೂ ವಿದ್ಯಾರ್ಥಿಗಳೂ ನಾಟಕವಾಡಿ, ನೋಡುವವರು ಶಾಲೆಯವರು, ಪಾಲಕರು ಮತ್ತು ಸಂಸ್ಥೆಗೆ ಸಂಬಂಧಿಸಿದವರಷ್ಟೇ ಆಗಿದ್ದರೆ ಅದಕ್ಕೂ ವಿನಾಯಿತಿಯಿದೆ. ಆದರೆ ಈ ಯಾವ ವಿನಾಯಿತಿಯೂ ಅಚ್ಚು ಮಾಡಿ ಮಾರುವ ಪುಸ್ತಕಕ್ಕೆ ಸುಲಭವಾಗಿ ವಿಸ್ತರಿಸುವುದಿಲ್ಲ. ಬಂದ ಹಣವು ಪುಣ್ಯಕಾರ್ಯಕ್ಕೆ ಹೋಗುತ್ತದೆಂಬ ಸಮಾಧಾನವು ಇಲ್ಲಿ ಸಾಲದು. ಉಲ್ಲಂಘನೆಯು ದಂಡನೀಯ ಅಪರಾಧವೂ ಹೌದು. ಕಲಂ 63ರಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗಿನ ಸೆರೆಮನೆ ಹಾಗೂ 50 ಸಾವಿರದಿಂದ 2 ಲಕ್ಷ ರೂಪಾಯಿಯವರೆಗಿನ ದಂಡವನ್ನು ವಿಧಿಸಲು ಅವಕಾಶವಿದೆ. ವ್ಯಾಪಾರದ ಲಾಭಕ್ಕಾಗಿ ಮಾಡಿದುದಲ್ಲವಾದರೆ ಶಿಕ್ಷೆಯನ್ನು ಇಳಿಸುವ ಅಧಿಕಾರ ನ್ಯಾಯಾಲಯಕ್ಕಿದೆ ಎಂಬುದಷ್ಟೇ ಸಮಾಧಾನ.

೪. ಎರಡು ತೀರ್ಪುಗಳ ಪಾಠ

ನಮ್ಮ ನಾಡಿನಲ್ಲಿಯೇ ಹುಟ್ಟಿದ ಒಂದು ಮೊಕದ್ದಮೆಯು ಈ ವಿಷಯದಲ್ಲಿ ಬಹಳ ಬೋಧಪ್ರದವಾದುದು. ಡಾ. ಶಿವರಾಮ ಕಾರಂತರು ಯಕ್ಷಗಾನವೆಂಬ ಪುರಾತನ ಕಲೆಯನ್ನು ತಮ್ಮ ಕಲ್ಪನೆಯಂತೆ ಪರಿಷ್ಕರಿಸಿ, ಯಕ್ಷಗಾನ ಬ್ಯಾಲೆ ಎಂಬ ಹೊಸ ರೂಪವನ್ನು ನಿರ್ಮಿಸಿದರು. 1994ರ ಜೂನ್ 18ರ ಉಯಿಲಿನಲ್ಲಿ ತಮ್ಮ ಕೃತಿಗಳ ಹಕ್ಕನ್ನು ಬಿ. ಮಾಲಿನಿ ಮಲ್ಯ ಅವರಿಗೆ ಬಿಟ್ಟುಕೊಟ್ಟು, 1997ರ ಡಿಸೆಂಬರ್ 9ರಂದು ತೀರಿಕೊಂಡರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದೆಹಲಿಯಲ್ಲಿ ಆ ಬ್ಯಾಲೆಯೊಂದನ್ನು ಪ್ರದರ್ಶಿಸಿದಾಗ ವಿವಾದವೆದ್ದಿತು. ಸರ್ವೋಚ್ಚ ನ್ಯಾಯಾಲಯವು 2009ರ ಜನವರಿ 23ರಂದು ತೀರ್ಪು ನೀಡಿ, ಉಯಿಲಿನ ಮೂಲಕ ಹಕ್ಕು ಆಕೆಗೆ ಸಂದಿದೆಯೆಂದು ಒಪ್ಪಿತು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ವಿದ್ಯಾಸಂಸ್ಥೆಯು ತನ್ನ ಚಟುವಟಿಕೆಯ ಅಂಗವಾಗಿ ನಡೆಸುವ ಪ್ರದರ್ಶನಕ್ಕೂ ಹಣ ಕೊಡದ ಸಭಿಕರೆದುರು ಹವ್ಯಾಸಿಗಳು ನಡೆಸುವ ಪ್ರದರ್ಶನಕ್ಕೂ ಕಲಂ 52 ಕೊಡುವ ಅವಕಾಶವು ಹಾಗೆಯೇ ಉಳಿದಿದೆಯೆಂದು ಸ್ಪಷ್ಟಪಡಿಸಿ, ಕೆಳಗಿನ ತಡೆಯಾಜ್ಞೆಯನ್ನು ಅದಕ್ಕೆ ತಕ್ಕಂತೆ ತಿದ್ದಿತು. ಒಡೆತನವೂ ಉಳಿಯಿತು, ಶಾಲೆಯ ಅಂಗಳವೂ ಉಳಿಯಿತು. ಯಕ್ಷಗಾನವನ್ನು ಆಡುವ ಹಕ್ಕು ಯಾರ ಕೈಯಿಂದಲೂ ಹೋಗಲಿಲ್ಲವೆಂಬುದನ್ನೂ ನೆನಪಿಡಬೇಕು. ರಕ್ಷಣೆ ದೊರೆತುದು ಕಾರಂತರು ಹೊಸದಾಗಿ ಸೇರಿಸಿದ್ದಕ್ಕೆ ಮಾತ್ರ.

ಎರಡನೆಯದು ನೆರೆಯ ಕೇರಳದ್ದು. ಅಭಿಮಾನಿ ಕಥೆಗೆ ಇದೇ ಹೆಚ್ಚು ಹತ್ತಿರ. ತೋಪ್ಪಿಲ್ ಭಾಸಿಯವರ ‘ನಿಂಗಳೆನ್ನೆ ಕಮ್ಯೂನಿಸ್ಟಾಕ್ಕಿ’ ಎಂಬ ಮಲಯಾಳ ನಾಟಕವು 1952ರಿಂದ ಮನೆಮಾತಾದ ಕೃತಿ. ದಶಕಗಳ ಅನಂತರ ಸಿವಿಕ್ ಚಂದ್ರನ್ ಎಂಬ ಲೇಖಕರು ಅದೇ ಪಾತ್ರಗಳನ್ನೂ ಕೆಲವು ಸಂಭಾಷಣೆಗಳನ್ನೂ ಎತ್ತಿಕೊಂಡು, ಮೂಲದ ವಿಚಾರವನ್ನೇ ಪ್ರಶ್ನಿಸುವ ಪ್ರತಿನಾಟಕವೊಂದನ್ನು ಬರೆದರು. ಭಾಸಿಯವರ ವಾರಸುದಾರರು ನ್ಯಾಯಾಲಯಕ್ಕೆ ಹೋದರು. 1996ರಲ್ಲಿ ಕೇರಳ ಉಚ್ಚ ನ್ಯಾಯಾಲಯವು ಮೂರು ಪ್ರಶ್ನೆಗಳನ್ನು ಕೇಳಿಕೊಂಡಿತು: ಮೂಲದಿಂದ ತೆಗೆದುಕೊಂಡುದು ಎಷ್ಟು ಮತ್ತು ಎಂಥದು? ತೆಗೆದುಕೊಂಡ ಉದ್ದೇಶವೇನು? ಹೊಸದು ಹಳೆಯದಕ್ಕೆ ಪೈಪೋಟಿಯಾಗಿ ನಿಲ್ಲುವುದೇ? ಉದ್ದೇಶವು ವಿಮರ್ಶೆಯೆಂದೂ, ಮೂಲದ ಮಾರುಕಟ್ಟೆಯನ್ನು ಕಸಿಯುವುದಲ್ಲವೆಂದೂ ಕಂಡು, ಪ್ರತಿನಾಟಕದ ಪರವಾಗಿ ನಿಂತಿತು. ‘ಕೊರವಂಜಿ’ ಪತ್ರಿಕೆಯು 1942ರಿಂದ 1967ರವರೆಗೆ ಬೆಂಗಳೂರಿನಲ್ಲಿ ಡಾ. ಎಂ. ಶಿವರಾಂ ಅವರ ಸಾರಥ್ಯದಲ್ಲಿ ನಡೆದ ಕಾಲದಲ್ಲಿ ಕನ್ನಡಿಗರು ಅಣಕಿನ ರುಚಿಯನ್ನು ಚೆನ್ನಾಗಿ ಕಂಡರು. ಮೂಲವನ್ನು ಕುರಿತು ಏನನ್ನೋ ಹೇಳುವ ಅಣಕಕ್ಕೂ, ಮೂಲದ ಜನಪ್ರಿಯತೆಯನ್ನು ಸುಮ್ಮನೆ ಏರಿ ಸವಾರಿ ಮಾಡುವ ಬರಹಕ್ಕೂ ಅಂತರವಿದೆಯೆಂಬುದನ್ನು ಈ ಮೂರು ಪ್ರಶ್ನೆಗಳು ತಿಳಿಯಾಗಿ ತೋರಿಸುತ್ತವೆ. ಅಧ್ಯಾಪಕರು ಮಕ್ಕಳ ಕಥೆಯನ್ನು ತಿದ್ದುವಾಗ ಇವೇ ಮೂರನ್ನು ಕೇಳಿಕೊಂಡರೆ ಸಾಕಷ್ಟು ಬೆಳಕು ಸಿಗುತ್ತದೆ.

೫. ಹೆಸರಿನ ಹಕ್ಕು

ಹಣದ ಹಕ್ಕಿಗಿಂತ ಬೇರೆಯಾದ ಇನ್ನೊಂದು ಹಕ್ಕನ್ನು ಕಲಂ 57 ಲೇಖಕನಿಗೆ ಕೊಡುತ್ತದೆ. ಕೃತಿಯನ್ನು ಮಾರಿಬಿಟ್ಟ ಮೇಲೆಯೂ ಇದು ನನ್ನದೆಂದು ಹೇಳಿಕೊಳ್ಳುವ ಹಕ್ಕು, ತನ್ನ ಗೌರವಕ್ಕೆ ಕುಂದು ಬರುವಂತೆ ಅದನ್ನು ವಿಕೃತಗೊಳಿಸದಂತೆ ತಡೆಯುವ ಹಕ್ಕು ಅವನಲ್ಲಿ ಉಳಿದಿರುತ್ತದೆ. ‘ಆಪ್ ಕಾ ಬಂಟಿ’ ಎಂಬ ಹಿಂದಿ ಕಾದಂಬರಿಯ ಲೇಖಕಿ ಮನ್ನೂ ಭಂಡಾರಿಯವರು ತಮ್ಮ ಕೃತಿಯ ಚಲನಚಿತ್ರ ರೂಪವನ್ನು ಪ್ರಶ್ನಿಸಿದಾಗ, 1986ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಈ ಹಕ್ಕಿನ ಹಿರಿಮೆಯನ್ನು ಎತ್ತಿಹಿಡಿಯಿತು. ಕಾನೂನಿನ ಈ ಕಲಮನ್ನು ಓದುವಾಗ ವಚನಕಾರರ ಅಂಕಿತವು ನೆನಪಾಗದೆ ಇರದು. ಎರಡರ ಒಳಗೂ ಇರುವುದು ಒಂದೇ ನೀತಿ: ನುಡಿ ಹರಿಯಲಿ, ನುಡಿದವರ ಹೆಸರು ಅಳಿಯದಿರಲಿ, ಅವರು ನುಡಿಯದುದು ಅವರ ಹೆಸರಿನಲ್ಲಿ ಸೇರದಿರಲಿ.

ಕೃತಿಸ್ವಾಮ್ಯವೇ ಇಲ್ಲದ ಪ್ರಾಚೀನ ಕೃತಿಗಳ ವಿಷಯದಲ್ಲಿಯೂ ಈ ಎಚ್ಚರ ಬೇಕು. ಮಾತೆ ಮಹಾದೇವಿಯವರು ‘ವಚನ ದೀಪ್ತಿ’ಯಲ್ಲಿ ಬಸವಣ್ಣನವರ ವಚನಗಳ ಅಂಕಿತವನ್ನು ‘ಲಿಂಗದೇವ’ ಎಂದು ಮಾರ್ಪಡಿಸಿದುದು ನಾಡಿನಲ್ಲೆಲ್ಲ ವಿವಾದವನ್ನೆಬ್ಬಿಸಿತು. 1998ರಲ್ಲಿ ರಾಜ್ಯ ಸರಕಾರವು ಆ ಗ್ರಂಥವನ್ನು ಮುಟ್ಟುಗೋಲು ಹಾಕಿತು; 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ಎತ್ತಿಹಿಡಿಯಿತು. ಬಸವಣ್ಣನವರ ಸೋದರಿ ಅಕ್ಕನಾಗಮ್ಮನವರ ಬದುಕನ್ನು ಕಲ್ಪನೆಯಿಂದ ಚಿತ್ರಿಸಿದ ಡಾ. ಪಿ.ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿಯ ಮುಟ್ಟುಗೋಲನ್ನೂ ಅದೇ ನ್ಯಾಯಾಲಯವು 2007ರಲ್ಲಿ ಸ್ಥಿರಪಡಿಸಿತ್ತು. ಈ ಎರಡರಲ್ಲಿಯೂ ಪ್ರಶ್ನೆಯಿದ್ದುದು ಕೃತಿಸ್ವಾಮ್ಯದ್ದಲ್ಲ, ಜನರ ಧಾರ್ಮಿಕ ಭಾವನೆಯದು. ಗ್ರಂಥಗಳನ್ನು ಮುಟ್ಟುಗೋಲು ಹಾಕುವುದು ಸರಿಯೋ ತಪ್ಪೋ ಎಂಬ ವಿಷಯದಲ್ಲಿ ವಿಚಾರವಂತರಲ್ಲಿ ಭಿನ್ನಾಭಿಪ್ರಾಯವಿದೆ, ಇರುವುದೂ ಸಹಜ. ನಮ್ಮ ಪ್ರಕೃತ ವಿಷಯಕ್ಕೆ ಸಂಬಂಧಿಸಿದಷ್ಟು ಮಟ್ಟಿಗೆ ಹೇಳಬಹುದಾದುದು ಇಷ್ಟು: ಅವಧಿ ಮುಗಿದ ಮಾತ್ರಕ್ಕೆ ಕೃತಿಯು ವಾರಸುದಾರರಿಲ್ಲದ್ದಾಗುವುದಿಲ್ಲ. ಅದನ್ನು ಪ್ರೀತಿಸುವ ಸಮುದಾಯವೇ ಅದರ ವಾರಸುದಾರ.

೬. ಶಾಲೆಗಳು ಅನುಸರಿಸಬಹುದಾದ ಕ್ರಮ

ಮೇಲಿನ ವಿವೇಚನೆಯಿಂದ ಕೆಲವು ವ್ಯಾವಹಾರಿಕ ಸೂತ್ರಗಳನ್ನು ಹೊರಡಿಸಬಹುದು.

ಮೊದಲನೆಯದಾಗಿ, ಕೈಬರಹದ ಪತ್ರಿಕೆಯಲ್ಲಿ ಅಭಿಮಾನಿ ಕಥೆಗಳನ್ನು ತಡೆಯಬಾರದು. ಒಂದೇ ಪ್ರತಿಯಾಗಿ ಶಾಲೆಯೊಳಗೆ ಇರುವ ಬರಹದಿಂದ ಯಾವ ಲೇಖಕನ ಅನ್ನಕ್ಕೂ ಕುಂದು ಬರುವುದಿಲ್ಲ. ಬರೆಯಲು ಕಲಿಯುವ ಮಗು ಇನ್ನೊಬ್ಬರ ಬೆರಳು ಹಿಡಿದು ನಡೆಯುವುದು ನಾಚಿಕೆಯ ವಿಷಯವಲ್ಲ.

ಎರಡನೆಯದಾಗಿ, ಇಂಥ ಕಥೆಯ ತಲೆಯ ಮೇಲೆಯೇ ಮೂಲ ಲೇಖಕರ ಮತ್ತು ಕೃತಿಯ ಹೆಸರನ್ನು ಮಗುವು ಬರೆಯಬೇಕು. ಕೆಳಗೆ ತನ್ನ ಹೆಸರನ್ನು ಬರೆಯಬೇಕು. ಇವೆರಡೂ ಸೇರಿ ಮಗುವಿನ ಅಂಕಿತ. ವಚನದ ಶೈಲಿಯಲ್ಲಿ ಬರೆಯಲು ಮಕ್ಕಳನ್ನು ಪ್ರೋತ್ಸಾಹಿಸುವಾಗ ಶರಣರ ಅಂಕಿತವನ್ನು ಬಳಸಲು ಬಿಡದೆ, ತಮ್ಮದೇ ಒಂದನ್ನು ಆರಿಸಿಕೊಳ್ಳಲು ಹೇಳಬೇಕು.

ಮೂರನೆಯದಾಗಿ, ಅಚ್ಚು ಮಾಡಿಸುವ ಸಂದರ್ಭ ಬಂದಾಗ ಕಥೆಗಳನ್ನು ಮೂರು ಪಾಲು ಮಾಡಬೇಕು. ಸ್ವತಂತ್ರವಾದವು, ಅವಧಿ ಮುಗಿದ ಕೃತಿಗಳನ್ನು ಆಧರಿಸಿದವು, ರಕ್ಷಣೆಯಲ್ಲಿರುವ ಕೃತಿಗಳನ್ನು ಆಧರಿಸಿದವು. ಮೂರನೆಯ ಪಾಲಿನ ಕಥೆಗಳಿಗೆ ಮೂಲ ಲೇಖಕರಿಂದಲೋ ವಾರಸುದಾರರಿಂದಲೋ ಪ್ರಕಾಶಕರಿಂದಲೋ ಪತ್ರಮುಖೇನ ಅಪ್ಪಣೆ ಪಡೆಯಬೇಕು. ಅಪ್ಪಣೆ ಬರದಿದ್ದರೆ ಆ ಕಥೆಗಳನ್ನು ಹಸ್ತಪ್ರತಿಯಲ್ಲಿಯೇ ಉಳಿಸಬೇಕು. ಅಲ್ಲಿ ಅವುಗಳ ಬೆಲೆ ಕಡಿಮೆಯಾಗುವುದಿಲ್ಲ.

ನಾಲ್ಕನೆಯದು ಬಹುಜನ ಮರೆಯುವ ಅಂಶ. ವಿದ್ಯಾರ್ಥಿಯು ಬರೆದ ಕಥೆಯ ಸ್ವಾಮ್ಯವು ಆ ವಿದ್ಯಾರ್ಥಿಯದು, ಶಾಲೆಯದಲ್ಲ. ಮೂವತ್ತು ವರ್ಷಗಳ ಹಿಂದಿನ ಸಂಚಿಕೆಯಲ್ಲಿ ಬರೆದ ಹುಡುಗಿಯು ಇಂದು ಗೃಹಿಣಿಯಾಗಿರಲಿ ವೈದ್ಯೆಯಾಗಿರಲಿ, ಆಕೆಯ ಒಪ್ಪಿಗೆಯಿಲ್ಲದೆ ಆ ಕಥೆಯನ್ನು ಮಾರಲು ನಮಗೆ ಅಧಿಕಾರವಿಲ್ಲ. ಇನ್ನೂ ವಯಸ್ಸಿಗೆ ಬಾರದ ಮಕ್ಕಳಿದ್ದರೆ ಪಾಲಕರ ಒಪ್ಪಿಗೆ ಬೇಕು. ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ಪತ್ರ ಬರೆಯುವ ಈ ಕೆಲಸವು ಹೊರೆಯಂತೆ ಕಾಣಬಹುದು. ಆದರೆ ಮರೆತುಹೋದ ಸಂಬಂಧಗಳನ್ನು ಮತ್ತೆ ಬೆಸೆಯಲು ಇದಕ್ಕಿಂತ ಒಳ್ಳೆಯ ನೆವ ಸಿಗಲಾರದು.

ಐದನೆಯದಾಗಿ, ಈ ನಿಯಮಗಳನ್ನು ಮಕ್ಕಳಿಗೆ ಭಯವಾಗಿ ಅಲ್ಲ, ಪಾಠವಾಗಿ ಹೇಳಬೇಕು. ಅಪ್ಪಣೆ ಕೇಳುವ ಪತ್ರವನ್ನು ಕನ್ನಡದ ತರಗತಿಯಲ್ಲಿಯೇ ಬರೆಸಬಹುದು. ಲೇಖಕನೊಬ್ಬನಿಗೆ ತನ್ನ ಪಾತ್ರವನ್ನು ಎರವಲು ಬೇಡುವ ಪತ್ರಕ್ಕಿಂತ ಒಳ್ಳೆಯ ಪತ್ರಲೇಖನದ ಅಭ್ಯಾಸ ಯಾವುದಿದೆ?

ಉಪಸಂಹಾರ

ಕಾಯಕದ ತತ್ತ್ವವನ್ನು ಸಾರಿದ ಶರಣರ ಹಾದಿಯಲ್ಲಿ ನಡೆಯುವ ಸಂಸ್ಥೆಗೆ ಬರವಣಿಗೆಯೂ ಒಂದು ಕಾಯಕವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ನೇಯ್ದವನಿಗೆ ಬಟ್ಟೆಯ ಬೆಲೆ ಸಲ್ಲಬೇಕಾದಂತೆ ಬರೆದವನಿಗೆ ಬರಹದ ಫಲವು ಸಲ್ಲಬೇಕು. ಆದರೆ ಕಾಯಕದ ಫಲವು ದಾಸೋಹಕ್ಕೆ ಸಲ್ಲುವಂತೆ, ಕಥೆಯೂ ಕೊನೆಗೆ ಎಲ್ಲರ ಸೊತ್ತಾಗಬೇಕು. ಅರವತ್ತು ವರ್ಷಗಳ ಅವಧಿಯು ಈ ಎರಡರ ನಡುವಣ ಒಪ್ಪಂದವೆಂದು ತಿಳಿಯಬಹುದು. ನಮ್ಮ ಮಕ್ಕಳು ತಾವು ಮೆಚ್ಚಿದ ಕಥೆಗಳನ್ನು ಧಾರಾಳವಾಗಿ ಬೆಳೆಸಲಿ. ಬೆಳೆಸುವಾಗ ಬೀಜ ಕೊಟ್ಟವರ ಹೆಸರನ್ನು ಹೇಳುವ ಸೌಜನ್ಯವನ್ನೂ ಕಲಿಯಲಿ. ಹಳೆಯ ಸಂಚಿಕೆಗಳ ಸಂಕಲನವು ಒಪ್ಪಿಗೆಯ ಪತ್ರಗಳ ಕಟ್ಟಿನೊಡನೆ ಅಚ್ಚಿನ ಮನೆಗೆ ಹೋಗಲಿ. ಈ ಕಾರ್ಯದಲ್ಲಿ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಅಧ್ಯಾಪಕ ಬಂಧುಗಳೂ ಕೈಜೋಡಿಸುವರೆಂದು ನಂಬಿದ್ದೇನೆ.